ತಡವಾಗಿ ಬಂದ ದೂತ

ನೆಲ ಇನ್ನೂ ಪೂರ್ತಿ ಒಣಗಿರದ ಕಾಲದಲ್ಲಿ ಒಬ್ಬ ರಾಜನಿದ್ದನಂತೆ. ಅವನ ರಾಜ್ಯದ ತುಂಬ ಜೇಡಿಮಣ್ಣು. ನಡೆದು ಹೋದರೆ ಪಾದರಕ್ಷೆ ಮಣ್ಣಿನ ಪಾಲು, ಪಾದ ಮಾತ್ರ ಮನೆಗೆ. ಅಂಥ ರಾಜ್ಯದಲ್ಲಿ ರಾಣಿಗೆ ಜೌಗಿನ ಆಚೆ ದಡದ ಮೇಲೆ ಏಳಂತಸ್ತಿನ ಅರಮನೆ ಬೇಕಾಯಿತಂತೆ. ಆಚೆ ದಡದ ನೆಲ ಅರಮನೆಯನ್ನು ಹೊತ್ತೀತೋ ನುಂಗೀತೋ ತಿಳಿದುಕೊಂಡು ಬನ್ನಿ ಎಂದು ರಾಜ ಇಬ್ಬರು ದೂತರನ್ನು ಅಟ್ಟಿದ. ಮೊದಲನೆಯವನು ಚುರುಕು. ದೋಣಿ ಹತ್ತಿ ನೀರಿನ ಮೇಲೆ ಜಾರಿ ಹೋದ, ಜಾರಿ ಬಂದ. ರಾಜನ ಲೋಟದಲ್ಲಿ ಹಾಲು ಇನ್ನೂ ಬಿಸಿಯಾಗಿತ್ತು. "ಎಲ್ಲ ಸಲೀಸು ಮಹಾಪ್ರಭು, ದಾರೀಲಿ ಎಲ್ಲೂ ಏನೂ ತಡೀಲಿಲ್ಲ" ಎಂದ. ಎರಡನೆಯವನು ನಿಧಾನಿ. ಕೆಸರಿಗೆ ಕಾಲಿಟ್ಟು, ಎಡಕ್ಕೊಮ್ಮೆ ತೂಗಿ, ಬಲಕ್ಕೊಮ್ಮೆ ತೂಗಿ, ಒಂದು ಕಾಲು ಕಿತ್ತು ಇನ್ನೊಂದು ಕಾಲು ಊರುತ್ತ ಹೊರಟ...

ಕಥೆ ಇಲ್ಲಿಗೆ ಬರುವಷ್ಟರಲ್ಲಿ ಮೊಮ್ಮಗಳು ಗೊರಕೆ ಹೊಡೆಯುತ್ತಿದ್ದಳು.

ಅಜ್ಜಿ ಕಥೆ ಹೇಳುವಾಗ ಕೇಳುವವರು 'ಹೂಂ' ಅನ್ನುತ್ತಿರಬೇಕು. ಹೂಂ ನಿಂತರೆ ಕಥೆಯೂ ನಿಂತಿತು. ಅದು ಅಜ್ಜಿಯ ಕಾನೂನು. ಮೊಮ್ಮಗಳ ಹೂಂ ಪ್ರತಿಸಲವೂ ಆ ಕೆಸರಿನ ಅಂಚಿನಲ್ಲೇ ನಿಂತುಹೋಗುತ್ತಿದ್ದುದರಿಂದ ಎರಡನೆಯ ದೂತ ಆಚೆ ದಡ ಮುಟ್ಟಲೇ ಇಲ್ಲ. ಹುಡುಗಿಗೆ ಹಲ್ಲು ಬಿದ್ದು ಹಲ್ಲು ಬಂತು, ಜಡೆ ಉದ್ದವಾಗಿ ಗಿಡ್ಡವಾಯಿತು, ಮಣ್ಣು ಪರೀಕ್ಷೆ ಮಾಡುವ ಕಚೇರಿಯಲ್ಲಿ ಎಂಜಿನಿಯರ್ ಕೆಲಸವೂ ಸಿಕ್ಕಿತು. ಪಾಪ, ದೂತ ಮಾತ್ರ ಇನ್ನೂ ದಾರಿಯಲ್ಲೇ ಇದ್ದ.

ಇಂಥ ಮೊಮ್ಮಗಳಿಗೆ ಒಂದು ಮಾತು ಕೊಡುವ ಪ್ರಸಂಗ ಬಂದದ್ದು ಒಂದು ಕಬ್ಬಿಣದ ಯಂತ್ರದಿಂದ.

ಅವಳ ಅಮ್ಮ ಪುಸ್ತಕಗಳಿಗೆ ಹೊಲಿಗೆ ಹಾಕಿ, ಬೆನ್ನಿಗೆ ಬಟ್ಟೆ ಅಂಟಿಸಿ, ರಟ್ಟು ಕಟ್ಟುವವಳು. ಅವಳ ಬೆರಳ ಸಂದಿಯಲ್ಲಿ ಸದಾ ಅಂಟಿನ ವಾಸನೆ. ಕಟ್ಟುವುದೆಲ್ಲ ಅವಳೇ ಕಟ್ಟಿದರೂ ಕೊನೆಯಲ್ಲಿ ಅಂಚು ಕತ್ತರಿಸುವುದಕ್ಕೆ ಮಾತ್ರ ಪುಸ್ತಕಗಳನ್ನು ಗಂಟುಕಟ್ಟಿ ಪೇಟೆಯ ಆ ತುದಿಯ ಒಬ್ಬನ ಅಂಗಡಿಗೆ ಹೊತ್ತೊಯ್ಯಬೇಕು. ಅವನು ತನ್ನ ಗಿರಾಕಿಗಳದ್ದೆಲ್ಲ ಮುಗಿಸಿ, ಊಟ ಮುಗಿಸಿ, ಊಟದ ಮೇಲಿನ ನಿದ್ದೆಯನ್ನೂ ಮುಗಿಸಿ, "ಓ, ನೀವಿನ್ನೂ ಇಲ್ಲೇ ಇದ್ದೀರಾ?" ಎನ್ನುತ್ತಿದ್ದ. ಆ ಒಂದು ವಾಕ್ಯಕ್ಕಾಗಿಯೇ ಅಮ್ಮನಿಗೆ ಸ್ವಂತ ಯಂತ್ರ ಬೇಕಾಗಿತ್ತು. ಕಾಗದ ಕತ್ತರಿಸುವ ದೊಡ್ಡ ಯಂತ್ರ. ಆಳೆತ್ತರ, ಎರಕದ ಕಬ್ಬಿಣ, ಪಕ್ಕದಲ್ಲಿ ಗಾಡಿಚಕ್ರದಂಥ ಚಕ್ರ. ಮುಚ್ಚಿಹೋದ ಯಾವುದೋ ಮುದ್ರಣಾಲಯದಿಂದ ಗುಜರಿಯವನು ಅದನ್ನು ಎತ್ತಿಕೊಂಡು ಬಂದಿದ್ದ. ಅಮ್ಮ ಅದನ್ನು ನೋಡಿದ್ದು ಒಂದೇ ಸಲ. ನೋಡಿ ಮನೆಗೆ ಬಂದವಳು ಆ ದಿನವೆಲ್ಲ ಒಬ್ಬಳೇ ನಗುತ್ತಿದ್ದಳು.

ಯಂತ್ರ ಗಲ್ಲಿಯ ಬಾಯಿಯ ತನಕ ಬಂತು. ಅಲ್ಲಿಂದ ಮುಂದೆ ಬರಲು ಅಜ್ಜಿ ಬಿಡಲಿಲ್ಲ.

ಅಜ್ಜಿಯದು ಬರೀ ಹಟವಾಗಿರಲಿಲ್ಲ. ಬಹಳ ಹಿಂದೆ ತಾತ ಇದೇ ಮನೆಯ ಮುಂದಿನ ಕೋಣೆಯಲ್ಲಿ ಒಂದು ಅಚ್ಚಿನ ಯಂತ್ರ ಇಟ್ಟಿದ್ದರು. ಕೆಳಗೆ ಜೇಡಿಮಣ್ಣು. ಯಂತ್ರ ತಿಂಗಳಿಗೆ ಇಷ್ಟಿಷ್ಟೇ ಒಂದು ಪಕ್ಕಕ್ಕೆ ಕುಸಿಯಿತು. ಮೊದಲು ಅಕ್ಷರಗಳು ವಾಲಿದವು. ಆಮೇಲೆ ಮದುವೆಯ ಕರೆಯೋಲೆಯಲ್ಲಿ ಗಂಡಿನ ಹೆಸರು ಮೇಲಕ್ಕೂ ಹೆಣ್ಣಿನ ಹೆಸರು ಕೆಳಕ್ಕೂ ಇಳಿದು ಬೀಗರು ಬೀದಿಯಲ್ಲಿ ಜಗಳಕ್ಕೆ ನಿಂತರು. ಕೊನೆಗೆ ಯಂತ್ರ ಪೂರ್ತಿ ಗೋಡೆಗೆ ಒರಗಿ, ಗೋಡೆ ಬಿರಿದು, ಹಾಸುಗಲ್ಲುಗಳು ಒಡೆದು, ಬಾಗಿಲು ತೆಗೆಯಲು ಬಾರದಂತಾಯಿತು. ಅದನ್ನು ಎತ್ತಿಸುವ ಶಕ್ತಿ ತಾತನಿಗೆ ಇರಲಿಲ್ಲ. ಒರಗಿದ ಯಂತ್ರ ಒರಗಿದಂತೆಯೇ ವರ್ಷಗಟ್ಟಲೆ ಅಲ್ಲೇ ಇತ್ತು. ಅದಕ್ಕೆ ಒರಗಿಕೊಂಡು ತಾತ ಇದ್ದರು. ಅವರು ಹೋದ ಮೇಲೆ ಯಂತ್ರವನ್ನು ಬಿಚ್ಚಿ ತುಂಡುತುಂಡಾಗಿ ಸಾಗಿಸಿದರು. ಅದೇ ದಿನ ಅಜ್ಜಿ ಆ ಜಾಗದಲ್ಲಿ ಮಣ್ಣು ಬಡಿಸಿ ನೆಲ ಮಾಡಿ, ತನ್ನ ಮಂಚ ಹಾಕಿಸಿ, ಹತ್ತಿ ಕೂತಳು. ಮತ್ತೆ ಯಾರೂ ಅಲ್ಲಿ ಕಬ್ಬಿಣ ಇಡಬಾರದೆಂದೇ ಕೂತಳು.

"ಮುಂದಿನ ಕೋಣೇಲಿ ಅಲ್ಲ ಅತ್ತೆ, ಹಿಂದಿನ ಕೋಣೇಲಿ ಇಡ್ತೀನಿ" ಎಂದು ಅಮ್ಮ ಗೋಗರೆದಳು.

"ಹಿಂದಿನ ಕೋಣೆ ಏನು ಬೇರೆ ಲೋಕದಲ್ಲಿದ್ಯಾ? ಅದೂ ಇದೇ ನೆಲ. ಈ ನೆಲ ತಾನಾಗೇ ಬಾಯಿಬಿಟ್ಟು 'ಹೊರ್ತೀನಿ' ಅನ್ನಲಿ, ಆಮೇಲೆ ನಾನು ತುಟಿ ಬಿಚ್ಚಿದ್ರೆ ಕೇಳು."

ಮೊಮ್ಮಗಳು ಆಗ ಕಿಟಕಿಯಲ್ಲಿ ಕೂತು ಮೋಡ ನೋಡುತ್ತಿದ್ದಳು. ಅಲ್ಲಿಂದಲೇ, "ನಾನು ಕೇಳ್ತೀನಜ್ಜಿ. ನೆಲ ಏನು ಹೇಳ್ತು ಅಂತ ನಿನ್ನ ಕಿವೀಲಿ ಬಂದು ಹೇಳ್ತೀನಿ. ಆಗ ಹೂಂ ಅಂತೀಯಾ?" ಎಂದಳು.

ಅಜ್ಜಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ನೀನು ಎಚ್ಚರವಾಗಿದ್ದು ಕೇಳ್ಕೊಂಡು ಬಂದ್ರೆ, ಅಂತೀನಿ."

ಮಾತು ಕೊಟ್ಟಾಯಿತು. ನೆಲದ ಬಲ ತಿಳಿಯುವ ಒಂದು ದಾರಿಯೆಂದರೆ ಕೊರೆಯುವ ಯಂತ್ರ ತಂದು ಆಳದ ಮಣ್ಣು ತೆಗೆದು ಮುರಿದು ನೋಡುವುದು. ಆದರೆ ಕೊರೆಯುವ ಯಂತ್ರದ ಲಾರಿ ಹಾಗಿರಲಿ, ಲಾರಿ ಓಡಿಸುವ ಅಪ್ಪನೇ ತನ್ನ ಲಾರಿಯನ್ನು ದೊಡ್ಡ ರಸ್ತೆಯಲ್ಲಿ ನಿಲ್ಲಿಸಿ ಮನೆಗೆ ನಡೆದು ಬರುವಂಥ ಗಲ್ಲಿ ಅದು. ಅವನು ಈಗಲೂ ಯಾವುದೋ ದೂರದ ಹೆದ್ದಾರಿಯಲ್ಲಿದ್ದ. ಉಳಿದ ದಾರಿ ಅಲೆಯದು. ನೆಲಕ್ಕೊಂದು ಪೆಟ್ಟು ಕೊಡಬೇಕು. ಅಲುಗಾಟ ಎಷ್ಟು ಬೇಗ ಎಲ್ಲಿಗೆ ತಲುಪಿತೆಂದು ಅಳೆಯಬೇಕು. ಗಟ್ಟಿ ಮಣ್ಣಿನಲ್ಲಿ ಅಲೆ ಓಡುತ್ತದೆ, ಮೆತ್ತನೆಯದರಲ್ಲಿ ತೆವಳುತ್ತದೆ. ಊರಿನ ಜೇಡಿಮಣ್ಣನ್ನು ವರ್ಷಗಳಿಂದ ಮುರಿದು ಮುರಿದು ನೋಡಿದ ಕಚೇರಿಯವರು, ಇಷ್ಟು ವೇಗಕ್ಕೆ ಸುಮಾರು ಇಷ್ಟು ಬಲ ಎಂದು ಒಂದು ಗೆರೆಯನ್ನೇ ಎಳೆದಿಟ್ಟಿದ್ದರು.

ರಜೆಯ ದಿನಕ್ಕೆಂದು ಅಲೆ ಅಳೆಯುವ ಸಲಕರಣೆಯ ಪೆಟ್ಟಿಗೆಯನ್ನು ಕೊಡುವಾಗ ದೊಡ್ಡ ಎಂಜಿನಿಯರ್ ಕೇಳಿದ್ದರು: "ಒಳಗೆ ಎರಡು ಥರದ ಕಿವಿ ಇದಾವೆ. ಮೇಲೆ ಕೆಳಗೆ ಅಲ್ಲಾಡೋದನ್ನ ಕೇಳೋವು, ಅಡ್ಡಡ್ಡ ಅಲ್ಲಾಡೋದನ್ನ ಕೇಳೋವು. ಯಾವುದು ಯಾವಾಗ ಅಂತ ನೆನಪಿದೆ ತಾನೆ?"

"ಇದೆ ಸರ್" ಎಂದಳು ಮೊಮ್ಮಗಳು. ಆಗ ಅವರ ತಲೆಯ ಹಿಂದಿನ ಕಿಟಕಿಯಲ್ಲಿ ಒಂದು ಮೋಡ ಏಳಂತಸ್ತು ಕಟ್ಟಿಕೊಳ್ಳುತ್ತಿತ್ತು.

ರಜೆಯ ದಿನ ಬೆಳಗ್ಗೆ ಗುಜರಿಯವನು ತನ್ನ ಹಮಾಲರ ಜೊತೆ ಬಂದು ಕೂತಿದ್ದ. "ಅಮ್ಮಾವ್ರೇ, ಇವತ್ತು ಸಂಜೆಯೊಳಗೆ ಮನೆಯೊಳಗಾದ್ರೆ ನಿಮ್ದು. ಇಲ್ಲಾಂದ್ರೆ ಕರಗಿಸೋರು ಕೇಳ್ತಾ ಇದಾರೆ, ತಗೊಂಡೋಗ್ತೀನಿ. ಊರೋರೆಲ್ಲ ನಂಗೆ ಬೈತಾವ್ರೆ" ಎಂದ.

ಬೈಯುವವರಲ್ಲಿ ಮುಂದಾಳು ಅದೇ ಮನೆಯ ಪಕ್ಕದ ಭಾಗದಲ್ಲಿದ್ದ ದೊಡ್ಡಪ್ಪ. ಗಲ್ಲಿಯ ಬಾಯಿಯಲ್ಲಿ ಯಂತ್ರ ಬಂದು ನಿಂತ ಮೇಲೆ ಬೇರೆಯವರು ಅಡ್ಡ ತಿರುಗಿ ನುಸುಳುತ್ತಿದ್ದರು. ದೊಡ್ಡಪ್ಪ ಅಡ್ಡ ತಿರುಗಿದರೂ ಅಷ್ಟೇ, ನೇರ ನಿಂತರೂ ಅಷ್ಟೇ. "ಕ್ಷೌರದಂಗಡಿ ಹಿಂಬಾಗಿಲಲ್ಲಿ ಹೋಗಿ ಮುಂಬಾಗಿಲಲ್ಲಿ ಈಚೆಗೆ ಬರ್ತಿದ್ದೀನಿ" ಎಂದು ಕೆನ್ನೆ ಸವರಿಕೊಂಡರು. "ಸುಮ್ನೆ ಹಾದು ಹೋದ್ರೆ ಚೆನ್ನಾಗಿರಲ್ಲ ಅಂತ ಹೋಗ್ತಾನೂ ಗಡ್ಡ ಮಾಡಿಸ್ಕೋತೀನಿ, ಬರ್ತಾನೂ ಮಾಡಿಸ್ಕೋತೀನಿ. ಇನ್ನು ಉಳಿದಿರೋದು ಚರ್ಮ ಒಂದೇ. ಏನೇ ತೂಕಡಿಕೆ ಎಂಜಿನಿಯರ್, ಶುರು ಮಾಡು!"

ಮೊಮ್ಮಗಳು ಹಿತ್ತಲಿನಿಂದ ಹಿಂದಿನ ಕೋಣೆ, ಪಡಸಾಲೆ, ಮುಂದಿನ ಕೋಣೆಯವರೆಗೂ ಮೇಲೆ ಕೆಳಗಿನ ಅಲುಗಾಟ ಕೇಳುವ ಕಿವಿಗಳ ಸಾಲು ನೆಟ್ಟಳು. ಒಂದೊಂದೂ ಹಿಡಿಯೊಳಗೆ ಅಡಗುವಷ್ಟು, ಕೆಳಗೆ ಮೊಳೆಯಂಥ ಮೊನೆ. ಮಂಚದ ಕೆಳಗೂ ತೂರಿ ನೆಟ್ಟಳು. ಅಜ್ಜಿ ಕಾಲು ಮೇಲೆತ್ತಿಕೊಂಡು, "ಇಳಿ ಅಂತ ಮಾತ್ರ ಅನ್ಬೇಡ" ಎಂದಳು. ಹಿತ್ತಲಲ್ಲಿ ಒಂದು ಕಬ್ಬಿಣದ ಹಲಗೆಯಿಟ್ಟು ಮೊಮ್ಮಗಳು ಸಮ್ಮಟಿಗೆಯಿಂದ ಧಡ್ ಎಂದು ಮೇಲಿಂದ ಹೊಡೆದಳು. ಲ್ಯಾಪ್‌ಟಾಪಿನ ಪರದೆಯ ಮೇಲೆ ಗೆರೆಗಳು ಬೆಚ್ಚಿಬಿದ್ದವು. ಎಲ್ಲಕ್ಕಿಂತ ಮೊದಲು ಬೆಚ್ಚಿದ ಜಾಗಕ್ಕೆ ಗುರುತು ಹಾಕಿದಳು. ದೂರವನ್ನು ಹೊತ್ತಿನಿಂದ ಭಾಗಿಸಿದಳು. ಸೆಕೆಂಡಿಗೆ ಸಾವಿರದ ಐನೂರು ಮೀಟರು! ಕಚೇರಿಯ ಗೆರೆಯ ಮೇಲೆ ಅದನ್ನು ಹುಡುಕಹೋದರೆ ಗೆರೆ ಮುಗಿದು, ಕಾಗದ ಮುಗಿದು, ಇನ್ನೂ ಆಚೆಗೆ ಹೋಗಬೇಕಿತ್ತು.

ಎಚ್ಚರವಿದ್ದವಳಾದರೆ ಅಲ್ಲೇ ಅನುಮಾನಪಡಬೇಕಿತ್ತು. ಆದರೆ ಅವಳ ಕಣ್ಣಿಗೆ ಆಗಲೇ ಅಮ್ಮ ಚಕ್ರ ತಿರುಗಿಸುತ್ತಿದ್ದಳು, ಪುಸ್ತಕಗಳ ಅಂಚು ಬೆಣ್ಣೆಯಂತೆ ತುಂಡಾಗಿ ಬೀಳುತ್ತಿತ್ತು.

"ಬಂಡೆ!" ಎಂದು ಕೂಗಿದಳು. "ನಮ್ಮನೆ ಕೆಳಗೆ ಬಂಡೆ ಇದೆ! ಆನೆ ತಂದು ನಿಲ್ಸಿದ್ರೂ ಅಲ್ಲಾಡಲ್ಲ!"

ಅಷ್ಟೇ ಸಾಕಾಯಿತು. ಹಮಾಲರು ಕೊಳವೆಗಳ ಮೇಲೆ ಯಂತ್ರವನ್ನು ಉರುಳಿಸಲು ಶುರುಮಾಡಿದರು. ದೊಡ್ಡಪ್ಪ ತಳ್ಳಿದರು, ಅಥವಾ ತಳ್ಳುವವರ ಹಿಂದೆ ನಿಂತು ಮುಖ ಕೆಂಪಗೆ ಮಾಡಿಕೊಂಡರು. ಅಮ್ಮ ಮುಂದೆ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಮಗುವಿಗೆ ಹೆಜ್ಜೆ ಕಲಿಸುವವಳಂತೆ, "ಬಾ, ಬಾ, ನಿಧಾನ" ಎಂದು ಯಂತ್ರವನ್ನು ಕರೆಯುತ್ತಿದ್ದಳು. ಅದು ಬಾಗಿಲ ಹೊಸ್ತಿಲವರೆಗೆ ಬಂತು. ಒಳಗೆ ಅಜ್ಜಿ ಎತ್ತಿದ ಕಾಲು ಇಳಿಸದೆ ಮಂಚದ ಮೇಲೇ ಕೂತಿದ್ದಳು.

ಗುಜರಿಯವನು ಬಾಯಾರಿ, ದೊಡ್ಡಪ್ಪ ದೊಡ್ಡಮ್ಮನ ಮನೆಯೊಳಗಿಂದ ಹಿತ್ತಲಿಗೆ ಬಂದು ಬಾವಿಯ ಕಟ್ಟೆಗೆ ಬಗ್ಗಿದ. ಚೊಂಬನ್ನು ಕೈಯಲ್ಲೇ ಅದ್ದಿ ತುಂಬಿಕೊಂಡ. "ಇದೇನ್ರೀ, ನಿಮ್ಮ ಬಾವಿಗೆ ಹಗ್ಗಾನೇ ಬೇಡ! ನೀರು ಬಾಯಿಗೇ ಬಂದೈತೆ."

ಕೇಬಲ್ಲು ಸುತ್ತುತ್ತಿದ್ದ ಮೊಮ್ಮಗಳ ಕೈ ಅಲ್ಲೇ ನಿಂತಿತು.

ಸಾವಿರದ ಐನೂರು. ನೀರಿನಲ್ಲಿ ಸದ್ದು ಓಡುವ ವೇಗ ಅದು. ಕಾಲೇಜಿನ ಮೊದಲ ವರ್ಷದ ಮಕ್ಕಳಿಗೂ ಗೊತ್ತಿರುವ ಸಂಗತಿ. ಅವಳು ಗುರುತು ಹಾಕಿದ ಅಲೆ ಮಣ್ಣಿನ ಮಾತನ್ನು ತಂದಿರಲೇ ಇಲ್ಲ. ಮಣ್ಣಿನ ಕಣಗಳ ಸಂದಿಯಲ್ಲಿ ತುಂಬಿಕೊಂಡಿದ್ದ ನೀರಿನಲ್ಲಿ ಜಾರಿಕೊಂಡು ಬಂದಿತ್ತು. ದೋಣಿಯಲ್ಲಿ ಹೋದವನು! ಎಲ್ಲ ಸಲೀಸು ಎಂದವನು! ಹೋದ್ಯಾ ಪುಟ್ಟ ಅಂದರೆ ಬಂದೆ ಪುಟ್ಟ! ಮಣ್ಣಿನ ಬಲ ಹೇಳುವುದು ಅಡ್ಡಡ್ಡ ತೂಗುತ್ತ ಬರುವ ಎರಡನೆಯ ಅಲೆ. ನೀರಿಗೆ ಆ ತೂಗಾಟ ಹೊರಲು ಬಾರದು, ಮಣ್ಣೇ ಹೊರಬೇಕು. ಅದು ಬರುವ ಮೊದಲೇ ಅವಳು ಎಂದಿನಂತೆ ಕಣ್ಣು ಮುಚ್ಚಿಬಿಟ್ಟಿದ್ದಳು.

ಸುಮ್ಮನಿದ್ದುಬಿಡಬಹುದಿತ್ತು. ಹೊಸ್ತಿಲ ಮೇಲೆ ಯಂತ್ರವಿತ್ತು, ಯಂತ್ರದ ಪಕ್ಕದಲ್ಲಿ ಅಮ್ಮನ ಮುಖವಿತ್ತು. ಆ ಮುಖವನ್ನು ನೋಡುತ್ತ ಬಾಯಿ ತೆರೆಯುವುದು ಸಮ್ಮಟಿಗೆ ಎತ್ತುವುದಕ್ಕಿಂತ ಭಾರವಾಗಿತ್ತು. ಆದರೆ ವಾಲಿದ ಯಂತ್ರಕ್ಕೆ ಒರಗಿಕೊಂಡು ಅಮ್ಮ ಕೂತಿರುವ ಚಿತ್ರ ಅದಕ್ಕಿಂತ ಭಾರ. ಅವಳು ಓಡಿಹೋಗಿ ಯಂತ್ರದ ಮುಂದೆ ಎರಡೂ ಕೈ ಚಾಚಿ ನಿಂತಳು.

"ನಿಲ್ಸಿ! ತಪ್ಪಾಗಿದೆ. ಅದು ಬಂಡೆ ಅಲ್ಲ, ನೀರು."

"ಬಂಡೆ ನೀರಾಯ್ತಾ?" ಎಂದಳು ಅಮ್ಮ. ದನಿ ಸಣ್ಣಗಾಗಿತ್ತು.

"ಮೊದಲಿಂದಾನೂ ನೀರೇ ಆಗಿತ್ತಮ್ಮ. ನಾನೇ ಸರಿಯಾಗಿ ಕೇಳಿಸ್ಕೊಳ್ಳಲಿಲ್ಲ."

ದೊಡ್ಡಮ್ಮ ಈ ಕ್ಷಣಕ್ಕಾಗಿಯೇ ಕಾದಿದ್ದವರಂತೆ, "ನಾನಾಗ್ಲೇ ಅಂದ್ಕೊಂಡೆ" ಎಂದರು. ಅಮ್ಮನಿಗೂ ದೊಡ್ಡಮ್ಮನಿಗೂ, ಓರಗಿತ್ತಿಯರಾಗಿ ಈ ಮನೆಗೆ ಬಂದ ದಿನದಿಂದ, ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಮ್ಮ ಕಿಟಕಿ ತೆಗೆದರೆ ದೊಡ್ಡಮ್ಮನಿಗೆ ಶೀತ, ಮುಚ್ಚಿದರೆ ಸೆಕೆ.

"ಅಂದ್ಕೊಂಡಿದ್ರೆ ಬಾಯಿಬಿಟ್ಟು ಹೇಳ್ಬೇಕಿತ್ತು ಅಕ್ಕ."

"ಹೇಳಿದ್ರೆ ನೀನು ಕೇಳ್ತಿದ್ಯಾ?"

"ಇಲ್ಲ."

"ಮತ್ತೆ!"

ಯಂತ್ರ ಈಗ ಗಲ್ಲಿಯ ಬಾಯಿ ಬಿಟ್ಟು ಮನೆಯ ಬಾಯಿಗೆ ಅಡ್ಡವಾಗಿತ್ತು. ಒಳಗಿದ್ದ ಅಜ್ಜಿಗೆ ಹೊರಗೆ ಬರಲು ಮುಂದಿನಿಂದ ದಾರಿಯಿಲ್ಲ, ಹೊರಗಿದ್ದವರಿಗೆ ಒಳಗೆ ಹೋಗಲು ದೊಡ್ಡಮ್ಮನ ಮನೆಯೇ ಗತಿ. "ಕಾಲು ಒರೆಸ್ಕೊಂಡು ಬನ್ನಿ, ಕಾಲು ಒರೆಸ್ಕೊಂಡು" ಎನ್ನುತ್ತ ದೊಡ್ಡಮ್ಮ ಬಾಗಿಲಲ್ಲಿ ರಾಣಿಯಂತೆ ನಿಂತರು. ಬಿಸಿಲು ಗೋಡೆಯ ಮೇಲೆ ಇಳಿಯತೊಡಗಿತ್ತು. ಹಮಾಲರು ಚಹಾಕ್ಕೆ ಹೋದರು. ಗುಜರಿಯವನು ಒಮ್ಮೆ ಸೂರ್ಯನನ್ನೂ ಒಮ್ಮೆ ಯಂತ್ರವನ್ನೂ ನೋಡಿದ.

ಮೊಮ್ಮಗಳು ಕಿವಿಗಳನ್ನೆಲ್ಲ ಕಿತ್ತು, ಅಡ್ಡ ಅಲುಗಾಟ ಕೇಳುವ ಕಿವಿಗಳನ್ನು ಅದೇ ಜಾಗಗಳಲ್ಲಿ ನೆಟ್ಟಳು. ಈ ಸಲ ಪೆಟ್ಟು ಮೇಲಿಂದಲ್ಲ, ಪಕ್ಕದಿಂದ. ಹಿತ್ತಲಲ್ಲಿ ಬಿದ್ದಿದ್ದ ಉದ್ದನೆಯ ಮರದ ತೊಲೆಯನ್ನು ಅಡ್ಡಲಾಗಿ ಮಲಗಿಸಿ, ಅದರ ಎಡ ತುದಿಗೊಮ್ಮೆ ಬಲ ತುದಿಗೊಮ್ಮೆ ಹೊಡೆಯಬೇಕು. ಹೊಡೆದಾಗ ತೊಲೆ ಜಾರದಂತೆ ಮೇಲೆ ಭಾರವಿರಬೇಕು. ಕಚೇರಿಯವರಾದರೆ ಜೀಪಿನ ಚಕ್ರ ಹತ್ತಿಸಿ ನಿಲ್ಲಿಸುತ್ತಿದ್ದರು. ಇಲ್ಲಿ ಜೀಪೆಲ್ಲಿ?

ಎಲ್ಲರ ಕಣ್ಣೂ ಮೆಲ್ಲಗೆ ಒಂದೇ ಕಡೆ ತಿರುಗಿತು.

"ಏನು? ಏನು ಎಲ್ರೂ ಹಾಗೆ ನೋಡ್ತೀರಾ?" ಎಂದರು ದೊಡ್ಡಪ್ಪ. ಅರ್ಥವಾದ ಮೇಲೆ ಎದೆಯುಬ್ಬಿಸಿ ತೊಲೆ ಹತ್ತಿದರು. "ಇಷ್ಟು ವರ್ಷ ಈ ಹೊಟ್ಟೆಗೆ ಅಂದಿದ್ದೇ ಅಂದಿದ್ದು. ಅನ್ನಿ ಈಗ! ವಿಜ್ಞಾನಕ್ಕೇ ಬೇಕಾಯ್ತು."

"ಒಬ್ರು ಸಾಲಲ್ಲ ದೊಡ್ಡಪ್ಪ."

"ಸಾಲಲ್ವಾ!" ಎಂದು ಅವರು ಅವಮಾನವಾದವರಂತೆ ನೋಡಿದರು. ಗುಜರಿಯವನೂ ಹತ್ತಿ ನಿಂತ.

ಹೊಡೆಯುವವರು ಉಳಿದ ಇಬ್ಬರೇ. ಎಡ ತುದಿಗೆ ಅಮ್ಮ, ಬಲ ತುದಿಗೆ ದೊಡ್ಡಮ್ಮ. ಒಂದೇ ಸಮ್ಮಟಿಗೆ, ಕೈ ಬದಲಾಯಿಸಿಕೊಳ್ಳಬೇಕು. "ಇಬ್ರೂ ಒಂದೇ ಸಮ ಹೊಡೀಬೇಕು, ಹೆಚ್ಚೂ ಬೇಡ ಕಮ್ಮೀನೂ ಬೇಡ" ಎಂದು ಮೊಮ್ಮಗಳು ಹೇಳಿಕೊಟ್ಟಳು. ಅಮ್ಮ ಹೊಡೆದಳು. ದೊಡ್ಡಮ್ಮ ಅದಕ್ಕಿಂತ ಒಂದು ಗುಂಜಿ ಜೋರಾಗಿ ಹೊಡೆದರು. ಮತ್ತೆ ಅಮ್ಮ ಅದಕ್ಕಿಂತ ಜೋರು. ಸ್ವಲ್ಪ ಹೊತ್ತಿನಲ್ಲಿ ತೊಲೆ ಗಂಡಸರಿಬ್ಬರ ಸಮೇತ ಕುಣಿಯುತ್ತಿತ್ತು.

"ಇದು ಮಣ್ಣು ಪರೀಕ್ಷೆನಾ, ನನ್ನ ಮೂಳೆ ಪರೀಕ್ಷೆನಾ?" ಎಂದು ದೊಡ್ಡಪ್ಪ ಕೂಗಿದರು. ಅವರು ಕೂಗುವಾಗ ಒಂದು ಕಾಲು ನೆಲಕ್ಕೆ ಅಪ್ಪಳಿಸಿತು. ಪರದೆಯ ಮೇಲೆ ಬೆಟ್ಟವೊಂದು ಎದ್ದು ಕೂತಿತು. ಅದನ್ನು ಅಳಿಸುವಷ್ಟರಲ್ಲಿ ದೊಡ್ಡಮ್ಮ ಸೆರಗು ಕೊಡವಿಕೊಳ್ಳಲು ಅತ್ತಿತ್ತ ಹೆಜ್ಜೆ ಹಾಕಿದರು. ಅದೂ ಹೋಯಿತು. ಅಮ್ಮ ಏನೋ ಅಂದಳು, ಗುಜರಿಯವನು ನಕ್ಕ, ತೊಲೆ ನಡುಗಿತು. ನೆಲಕ್ಕೆ ಕಿವಿಗೊಡಬೇಕಾದರೆ ನೆಲ ತುಳಿಯುವವರು ಒಂದು ಗಳಿಗೆ ಗೊಂಬೆಯಾಗಬೇಕು. ಈ ಮನೆಯಲ್ಲಿ ಅದು ಯಾವತ್ತೂ ಆಗದ ಕೆಲಸ. ಮೊಮ್ಮಗಳು ಕೈಮುಗಿದಳು, ಗದರಿದಳು. ಕೊನೆಗೆ ಲ್ಯಾಪ್‌ಟಾಪಿನ ಮುಂದೆ ಕುಕ್ಕರಿಸಿ ಮುಖ ಮುಚ್ಚಿಕೊಂಡಳು.

ಆಗ ಮುಂದಿನ ಕೋಣೆಯಿಂದ ಅಜ್ಜಿಯ ದನಿ ಪಡಸಾಲೆ ದಾಟಿ ಹಿತ್ತಲಿಗೆ ಬಂತು.

"ಕಥೆ ಹೇಳ್ತೀನಿ, ಕೇಳ್ತೀರಾ? ಹೂಂ ಅನ್ನೋದು ಬಾಯಲ್ಲಿ. ಯಾರಾದ್ರೂ ಕಾಲು ಅಲ್ಲಾಡಿಸಿದ್ರೆ ಅಲ್ಲಿಗೇ ನಿಲ್ಲಿಸ್ತೀನಿ. ಅರ್ಧ ಕಥೆ ಹೊತ್ಕೊಂಡು ಸಾಯ್ರಿ."

ನೆಲದಲ್ಲಿ ನೆಟ್ಟ ಕಿವಿಗಳಿಗೆ ಗಾಳಿಯಲ್ಲಿ ಬರುವ ಮಾತು ಲೆಕ್ಕಕ್ಕಿಲ್ಲ. ಮೊಮ್ಮಗಳು ಬೆರಳ ಸಂದಿಯಿಂದ ಪರದೆ ನೋಡಿದಳು.

"ಒಬ್ಬ ರಾಜ ಇದ್ನಂತೆ. ಅವನ ರಾಜ್ಯದ ತುಂಬ ಜೇಡಿಮಣ್ಣಂತೆ."

"ಹೂಂ" ಎಂದರು ದೊಡ್ಡಪ್ಪ. ಈ ಕಥೆಯನ್ನು ಅವರೂ ಚಡ್ಡಿ ಹಾಕಿಕೊಂಡಿದ್ದಾಗ ಕೇಳಿದ್ದವರು. ಮುಖ ಹಾಗೇ ಮೆತ್ತಗಾಯಿತು. ಗುಜರಿಯವನು ಬಾಯಿ ತೆರೆದುಕೊಂಡು ನಿಂತ. ಮೊದಲನೆಯ ದೂತ ದೋಣಿ ಹತ್ತುವಷ್ಟರಲ್ಲಿ ಪರದೆಯ ಮೇಲಿನ ಗೆರೆಗಳೆಲ್ಲ ಕೆರೆಯ ನೀರಿನಂತೆ ಮಲಗಿದ್ದವು.

"ಎರಡನೆಯವನು ಕೆಸರಿಗೆ ಕಾಲಿಟ್ಟ. ಎಡಕ್ಕೊಮ್ಮೆ ತೂಗಿದ..."

ಮೊಮ್ಮಗಳು ಕೈ ಎತ್ತಿದಳು. ಅಮ್ಮ ಹೊಡೆದಳು. ಕಥೆಯ ಗುಂಗಿನಲ್ಲಿ ಯಾರ ಮೇಲೂ ಸೇಡಿಲ್ಲದ, ಅಳತೆಯ ಪೆಟ್ಟು.

"ಬಲಕ್ಕೊಮ್ಮೆ ತೂಗಿದ..."

ದೊಡ್ಡಮ್ಮ ಹೊಡೆದರು. ಅದೇ ಅಳತೆ.

ಅಜ್ಜಿ ಆ ದೂತನನ್ನು ಬೇಗ ದಡ ಸೇರಿಸಲಿಲ್ಲ. ಎಡಕ್ಕೂ ಬಲಕ್ಕೂ ಬೇಕಾದಷ್ಟು ತೂಗಿಸಿದಳು. ಮೊಮ್ಮಗಳಿಗೆ ರೆಪ್ಪೆ ಎಳೆಯುತ್ತಿತ್ತು. ಎಂದಿನ ಅಭ್ಯಾಸ, ಹುಟ್ಟುಗುಣ ಸುಟ್ಟರೂ ಹೋಗದು. ತೊಡೆ ಚಿವುಟಿಕೊಂಡು, ಎಲ್ಲರಿಗಿಂತ ಜೋರಾಗಿ 'ಹೂಂ' ಎಂದಳು. ಒಳಗೆ ಅಜ್ಜಿಯ ದನಿ ಒಂದು ಕ್ಷಣ ತಡೆದು, ಮತ್ತೆ ಮುಂದುವರಿಯಿತು. "ಅವನು ಬರೋ ಹೊತ್ತಿಗೆ ಹಾಲು ಆರಿ ಕೆನೆ ಕಟ್ಟಿತ್ತು. ರಾಜ ನಿದ್ದೆ ಹೋಗಿದ್ದ. ದೂತ ರಾಜನ್ನ ಎಬ್ಬಿಸಿದ. ಏನೂ ಹೇಳಲಿಲ್ಲ. ತನ್ನ ಕಾಲು ತೋರಿಸಿದ. ಎಲ್ಲೆಲ್ಲಿ ಎಷ್ಟು ಹೂತಿತ್ತೋ ಅಷ್ಟಷ್ಟಕ್ಕೆ ಕೆಸರಿನ ಗೆರೆ ಬಿದ್ದಿತ್ತು, ಪಾದಕ್ಕೊಂದು, ಮೀನಖಂಡಕ್ಕೊಂದು, ಮೊಣಕಾಲಿಗೊಂದು. ಅಳತೆ ಪಟ್ಟಿ ಥರ. ಆಯ್ತು, ಇಷ್ಟೇ ಕಥೆ. ಇನ್ನು ಕಾಲು ಅಲ್ಲಾಡಿಸ್ಕೊಳ್ಳಿ."

ದೂತ ಕೊನೆಗೂ ಬಂದಿದ್ದ.

ಮೊಮ್ಮಗಳು ಅಮ್ಮನ ಪೆಟ್ಟಿನ ಗೆರೆಯನ್ನೂ ದೊಡ್ಡಮ್ಮನ ಪೆಟ್ಟಿನ ಗೆರೆಯನ್ನೂ ಪರದೆಯ ಮೇಲೆ ಒಂದರ ಮೇಲೊಂದು ಇಟ್ಟಳು. ಮೊದಲು ಎರಡೂ ಒಂದರೊಳಗೊಂದು ಬೆರೆತು ಒಂದೇ ಗೆರೆಯಂತೆ ಹರಿದವು. ಆಮೇಲೆ, ಒಂದು ಜಾಗದಲ್ಲಿ, ಒಂದು ಮೇಲಕ್ಕೆ ಹೋಯಿತು, ಇನ್ನೊಂದು ಕೆಳಕ್ಕೆ.

"ಇಲ್ಲಿಂದ ಅಮ್ಮಂದು ಒಂದು ಕಡೆ, ದೊಡ್ಡಮ್ಮಂದು ಇನ್ನೊಂದು ಕಡೆ" ಎಂದು ತೋರಿಸಿದಳು. "ನಿಧಾನದ ಅಲೆ ಮಾತ್ರ ಎಡಕ್ಕೆ ಹೊಡೆದ್ರೆ ಒಂಥರ, ಬಲಕ್ಕೆ ಹೊಡೆದ್ರೆ ಅದರ ಉಲ್ಟಾ ತೂಗತ್ತೆ. ಬೇರೆ ಯಾವ ಗದ್ದಲಾನೂ ಹೀಗೆ ಮಾಡಲ್ಲ. ನೀವಿಬ್ರೂ ಎಲ್ಲಿ ಬೇರೆಯಾಗ್ತೀರೋ ಅಲ್ಲಿ ಅದು ಬಂತು ಅಂತ."

"ನೋಡಿದ್ಯಾ?" ಎಂದರು ದೊಡ್ಡಮ್ಮ. "ನಾನು ಉಲ್ಟಾ ಆಡದೇ ಇದ್ದಿದ್ರೆ ನಿನ್ನ ಮಗಳ ಲೆಕ್ಕ ಕೆಟ್ಟ್‌ಹೋಗ್ತಿತ್ತು."

"ನಾನು ನೇರ ಇದ್ದಿದ್ದಕ್ಕೆ ನಿಮ್ದು ಉಲ್ಟಾ ಅಂತ ಗೊತ್ತಾಗಿದ್ದು ಅಕ್ಕ."

ಮೊಮ್ಮಗಳು ಆ ಕಡೆ ಕಿವಿಗೊಡಲಿಲ್ಲ. ಒಂದು ಕಿವಿಯಿಂದ ಮುಂದಿನ ಕಿವಿಗೆ ಅಲೆ ಎಷ್ಟು ಹೊತ್ತಿನಲ್ಲಿ ನಡೆದಿದೆಯೆಂದು ಜಾಗ ಜಾಗಕ್ಕೂ ಲೆಕ್ಕ ಹಾಕುತ್ತಿದ್ದಳು. ಹಿಂದಿನ ಕೋಣೆಯಲ್ಲಿ, ಅಮ್ಮ ಯಂತ್ರ ಇಡಬೇಕೆಂದಿದ್ದ ಜಾಗದಲ್ಲಿ, ಅಲೆ ಕಾಲೆಳೆದುಕೊಂಡು ಹೋಗಿತ್ತು. ಕಚೇರಿಯ ಗೆರೆಯಲ್ಲಿ ನೋಡಿದರೆ ಬಲ ತೀರ ಕಡಿಮೆ. ಯಂತ್ರ ಅಲ್ಲಿಗೆ ಹೋಗಿದ್ದರೆ ತಾತನ ಕಥೆ ಮತ್ತೊಮ್ಮೆ ಮೊದಲಿಂದ. ಪಡಸಾಲೆಯಲ್ಲೂ ಹೇಳಿಕೊಳ್ಳುವಂಥದ್ದಲ್ಲ. ಅಮ್ಮ ಅವಳ ಮುಖ ನೋಡಿದಳು, ಸಮ್ಮಟಿಗೆಯನ್ನು ಮೆಲ್ಲಗೆ ಗೋಡೆಗೆ ಒರಗಿಸಿದಳು.

ಉಳಿದದ್ದು ಮುಂದಿನ ಕೋಣೆ. ಅಲ್ಲಿ, ಮಂಚದ ಕೆಳಗೆ ಕಾಲಿಟ್ಟದ್ದೇ, ಅಲೆ ಓಡಿತ್ತು. ಹಿಂದಿನ ಕೋಣೆಯಲ್ಲಿ ಹೋದದ್ದರ ಎರಡರಷ್ಟು ವೇಗದಲ್ಲಿ.

ಈ ಸಲ ಅವಳು ಕೂಗಲಿಲ್ಲ. ಒಂದು ಸಲ ಇಂಗು ತಿಂದ ಮಂಗನಾದದ್ದು ಸಾಕಾಗಿತ್ತು. ಮಂಚದ ಕೆಳಗಿನ ಕಿವಿಗಳನ್ನು ಹಿಂದಿನ ಕೋಣೆಗೂ ಅಲ್ಲಿಯವನ್ನು ಮಂಚದ ಕೆಳಗೂ ಬದಲಿಸಿ, ಎಲ್ಲರನ್ನೂ ಮತ್ತೆ ತೊಲೆ ಹತ್ತಿಸಿ, ಅಜ್ಜಿಯಿಂದ ಮತ್ತೆ 'ಎಡಕ್ಕೊಮ್ಮೆ ಬಲಕ್ಕೊಮ್ಮೆ' ಹೇಳಿಸಿದಳು. ಮತ್ತೆ ಅದೇ ಉತ್ತರ. ಕರಣಿ ತಂದು ಹಿಂದಿನ ಕೋಣೆಯ ನೆಲವನ್ನು ಮೊಳದಾಳ ಕೆರೆದು ಹೆಬ್ಬೆರಳು ಒತ್ತಿದಳು. ಬೆರಳು ಗಂಟಿನವರೆಗೆ ಇಳಿಯಿತು. ಮಂಚದ ಕೆಳಗೆ ಅಂಗಾತ ತೂರಿ, ಬಡಿದ ಮಣ್ಣಿನ ಕೆಳಗಿನ ಹಳೆಯ ಮಣ್ಣಿಗೆ ಒತ್ತಿದಳು. ಉಗುರಿನ ಗುರುತು ಬಿತ್ತು, ಅಷ್ಟೇ.

ಅಲ್ಲೇ, ಅಜ್ಜಿಯ ಮಂಚದ ಪಟ್ಟಿಗಳನ್ನು ನೋಡುತ್ತ ಮಲಗಿದ್ದಾಗ, ಅವಳಿಗೆ ಎಲ್ಲ ಹೊಳೆಯಿತು.

ಅವಳು ಹೊರಗೆ ಬಂದು ಮಂಚದ ಅಂಚಿನಲ್ಲಿ ಕೂತಳು. ತಲೆಗೂದಲ ತುಂಬ ಮಣ್ಣು. ಅಮ್ಮ, ದೊಡ್ಡಪ್ಪ, ದೊಡ್ಡಮ್ಮ ಪಡಸಾಲೆಯ ಬಾಗಿಲಲ್ಲಿ ಗುಂಪಾಗಿ ನಿಂತರು. ಹೊಸ್ತಿಲ ಆಚೆ, ಯಂತ್ರದ ಚಕ್ರದ ಕಂಡಿಯಿಂದ ಗುಜರಿಯವನ ಮುಖ ಕಾಣುತ್ತಿತ್ತು. ಅವನ ಹಿಂದೆ ಬಿಸಿಲು ಕೆಂಪಗಾಗಿತ್ತು.

"ನೆಲ ಏನಂತು?" ಎಂದಳು ಅಜ್ಜಿ.

"ಕಥೆ ಥರ ಹೇಳ್ತೀನಿ. ನೀನು ಹೂಂ ಅನ್ಬೇಕು."

"ಮೊದಲು ಕೇಳೋಣ."

"ಒಂದು ಮನೇಲಿ ಒಬ್ಬ ತಾತ ಇದ್ರಂತೆ. ಮೆತ್ತನೆ ನೆಲದ ಮೇಲೆ ದೊಡ್ಡ ಯಂತ್ರ ಇಟ್ರಂತೆ. ನೆಲಕ್ಕೆ ಹೊರೋಕಾಗ್ಲಿಲ್ಲ, ಕುಸಿದುಬಿಡ್ತು. ಎಲ್ರೂ ಆ ನೆಲಾನ ಬೈದ್ರು. ತಾತನ್ನೂ ಬೈದ್ರು. ಆದ್ರೆ ಯಂತ್ರ ಮಾತ್ರ ಅಲ್ಲೇ ಇತ್ತಲ್ಲಜ್ಜಿ, ಅಷ್ಟು ವರ್ಷ. ಭಾರ ಬಿದ್ದು ಬಿದ್ದು ಜೇಡಿಮಣ್ಣಿನೊಳಗಿದ್ದ ನೀರೆಲ್ಲ ಮೆಲ್ಲಗೆ, ಒಂದೊಂದೇ ತೊಟ್ಟು, ಪಕ್ಕಕ್ಕೆ ಹಿಂಡಿ ಹೋಯ್ತು. ಕಣಕ್ಕೆ ಕಣ ಅಂಟಿಕೊಳ್ತು. ಯಾರಿಗೂ ಗೊತ್ತಾಗದ ಹಾಗೆ ಅದು ಗಟ್ಟಿಯಾಗ್ತಾ ಇತ್ತು. ಜೇಡಿಮಣ್ಣಿನ ಗುಣಾನೇ ಅದು, ತಾಳಿದವನು ಬಾಳಿಯಾನು ಅಂತ ನೀನೇ ಅಂತೀಯಲ್ಲ, ಹಾಗೆ. ತಾತನ ಕಾಲಕ್ಕೆ ಅದರಲ್ಲಿ ಬಲ ಇರ್ಲಿಲ್ಲ. ಈಗ ಇದೆ. ತಾತನಿಂದಾನೇ ಬಂದಿದೆ."

ಅಜ್ಜಿ ಹೂಂ ಅನ್ನಲಿಲ್ಲ. ಮಂಚದ ಮೇಲಿನ ಹಾಸಿಗೆಯನ್ನು ಅಂಗೈಯಿಂದ ಸವರುತ್ತಿದ್ದಳು.

"ಎಲ್ಲಿ ಆ ಜಾಗ?" ಎಂದು ಕೇಳಿದಳು, ಗೊತ್ತಿದ್ದೂ.

"ನೀನು ಕೂತಿರೋ ಜಾಗ."

"ಹಿಂದಿನ ಕೋಣೆ?"

"ಅಲ್ಲಿ ಇಟ್ಟಿದ್ರೆ ಮುಳುಗ್ತಿತ್ತು. ನೀನು ತಡೆದಿದ್ದು ಸರಿ."

ಬಾಗಿಲಲ್ಲಿ ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದಳು. ದೊಡ್ಡಮ್ಮ, ಯಾರೂ ಕೇಳದಿದ್ದರೂ, "ಅತ್ತೆ, ನಿಮ್ಮ ಮಂಚ ನಮ್ಮ ಕಿಟಕಿ ಹತ್ರ ಹಾಕಿಸ್ತೀನಿ. ಗಾಳಿ ಚೆನ್ನಾಗಿ ಬರತ್ತೆ" ಎಂದರು. ಅಮ್ಮ ತಿರುಗಿ ಅವರನ್ನು ನೋಡಿದಳು. ಎಷ್ಟೋ ವರ್ಷಗಳಲ್ಲಿ ಮೊದಲ ಬಾರಿಗೆ ಇಬ್ಬರ ಗೆರೆಯೂ ಒಂದರ ಮೇಲೊಂದು ಕೂತಿತ್ತು.

"ಇದೆಲ್ಲ ಅಂದಾಜು ತಾನೆ?" ಎಂದಳು ಅಜ್ಜಿ.

"ಅಂದಾಜೇ. ಅದಕ್ಕೇ ಲೆಕ್ಕದಲ್ಲಿ ಬಂದ ಬಲದ ಮೂರರಲ್ಲೊಂದು ಪಾಲು ಮಾತ್ರ ನಂಬ್ತೀವಿ. ಆ ಒಂದು ಪಾಲೇ ಈ ಯಂತ್ರಕ್ಕೆ ಸಾಕು. ಕೆಳಗೆ ಅಗಲವಾಗಿ ತೊಲೆ ಹಾಸಿ ಕೂರಿಸಿದ್ರೆ ಒಂದೇ ಕಡೆ ಭಾರ ಬೀಳಲ್ಲ." ಮೊಮ್ಮಗಳು ಅಜ್ಜಿಯ ಹತ್ತಿರ ಸರಿದು, "ಮೊದಲನೇದು ನಿದ್ದೇಲಿ ಮಾಡಿದ ಅಂದಾಜು. ಇದು ಎಚ್ಚರ ಇದ್ದು ಮಾಡಿದ್ದು ಅಜ್ಜಿ" ಎಂದಳು.

"ಗೊತ್ತು. ಕೇಳಿಸ್ತು ನಿನ್ನ ಹೂಂ. ಕತ್ತೆ ಅರಚಿದ ಹಾಗಿತ್ತು."

"ಅಜ್ಜೀ, ಹೊತ್ತು ಮುಳುಗ್ತೈತೆ" ಎಂದಿತು ಚಕ್ರದ ಕಂಡಿ.

ಅಜ್ಜಿ ಬಿರಿದ ಗೋಡೆಯನ್ನು ನೋಡಿದಳು. ಮಣ್ಣು ಮೆತ್ತಿ ಮೆತ್ತಿ ಮುಚ್ಚಿದ್ದ ಆ ಬಿರುಕು ಈಗಲೂ ಒಂದು ವಾಲಿದ ಗೆರೆಯಂತೆ ಕಾಣುತ್ತಿತ್ತು. ಅದರ ಕೆಳಗೇ ಒರಗಿಕೊಂಡು ಕೂರುತ್ತಿದ್ದ ತಾತನ ತಲೆ ತಾಗಿ ತಾಗಿ ಗೋಡೆಯ ಒಂದು ಕಡೆ ನುಣುಪಾಗಿತ್ತು. ಅವಳು ಮೊಮ್ಮಗಳ ಕೂದಲಿನಿಂದ ಒಂದು ಹೆಂಟೆ ಮಣ್ಣು ಬಿಡಿಸಿ, ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಅದು ಜಗ್ಗಲಿಲ್ಲ.

ಆಮೇಲೆ ಅಜ್ಜಿ ಒಂದು ಕಾಲು ನೆಲಕ್ಕೆ ಊರಿದಳು, ಇನ್ನೊಂದು ಕಾಲೂ ಊರಿದಳು. ಮೊಮ್ಮಗಳ ಹೆಗಲು ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ಎದ್ದು ನಿಂತಳು.

"ಹೂಂ" ಎಂದಳು.